ಕರಿನೀರಿನ ಶಿಕ್ಷೆ: ಹಲಗಲಿಯ ಬೇಡರೂ ಸುರಪುರದ ತರುಣ ದೊರೆಯೂ

ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯ ಬೇಡರು 1857ರ ನಿಶ್ಶಸ್ತ್ರೀಕರಣ ಶಾಸನವನ್ನು ಧಿಕ್ಕರಿಸಿ ದಂಗೆಯೆದ್ದುದು ಸುವಿದಿತವಾಗಿದೆ. ನವೆಂಬರ್ ಕೊನೆಯಲ್ಲಿ ಸೈನ್ಯವು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಮಂದಿಯನ್ನೂ 14ರಂದು ಹಲಗಲಿಯಲ್ಲಿ 6 ಮಂದಿಯನ್ನೂ ಗಲ್ಲಿಗೇರಿಸಲಾಯಿತು. ಸೆರೆಗೂ ನೇಣಿಗೂ ನಡುವೆ ಕಳೆದದ್ದು ಸುಮಾರು ಎರಡೇ ವಾರ. ಅದೇ ಬೇಡ ಜನಾಂಗದ ದೊರೆಯೊಬ್ಬನ ಪ್ರಕರಣವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಆಂಗ್ಲ ಸರಕಾರದ ದಯೆ ಯಾವ ದಾರಿಯಿಂದ ಬರುತ್ತಿತ್ತೆಂಬುದು ನಮಗೆ ತಿಳಿದುಬರುತ್ತದೆ.

ಸುರಪುರದ ವೆಂಕಟಪ್ಪನಾಯಕನು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡವನು. 1853ರವರೆಗೆ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರನನ್ನು ಆತನು ‘ಅಪ್ಪಾ’ ಎಂದೇ ಕರೆಯುತ್ತಿದ್ದನು. 1858ರ ಫೆಬ್ರವರಿಯಲ್ಲಿ ಇಂಗ್ಲಿಷರೊಡನೆ ಕಾದಿ, ಊರುಬಿಟ್ಟು ಹೈದರಾಬಾದಿಗೆ ಹೋದಾಗ ಅಲ್ಲಿ ಸೆರೆಸಿಕ್ಕನು. ಸೈನಿಕ ನ್ಯಾಯಮಂಡಲಿಯು ಮರಣದಂಡನೆ ವಿಧಿಸಿತು. ರೆಸಿಡೆಂಟ್ ಡೇವಿಡ್‌ಸನ್ ಅದನ್ನು ಜೀವಾವಧಿ ದ್ವೀಪಾಂತರವಾಸಕ್ಕೆ ಇಳಿಸಿದನು.

ಇಳಿಸಿದನೆಂಬ ಮಾತು ರೆಸಿಡೆಂಟನ ದೃಷ್ಟಿಯಿಂದ ಸರಿ. ಕಂಪನಿ ಸರಕಾರವು 18ನೆಯ ಶತಮಾನದ ಕೊನೆಯಿಂದಲೇ ಕೈದಿಗಳನ್ನು ಹಡಗಿನಲ್ಲಿ ತುಂಬಿ ಬೆಂಕೂಲನ್, ಪಿನಾಂಗ್, ಮುಂದೆ ಮಾರಿಷಸ್, ಸಿಂಗಪುರಗಳಿಗೆ ಸಾಗಿಸುತ್ತಿದ್ದಿತು. 1858ರ ಮಾರ್ಚ್ 10ರಂದು 200 ಕೈದಿಗಳ ಮೊದಲ ತಂಡ ಅಂದಮಾನಿನಲ್ಲಿ ಇಳಿದಿದ್ದಿತಷ್ಟೆ. ನಮ್ಮ ಜನಕ್ಕೆ ಇದು ಕರಿನೀರು. ಹಡಗು ಹತ್ತಿದವನ ಜಾತಿ ಕೆಟ್ಟಿತು; ಸಂಕೋಲೆಯಲ್ಲಿ ಕುಳಿತು, ಯಾರೋ ಮುಟ್ಟಿದ ನೀರು ಕುಡಿದು ಹೋದವನು ಮನೆಯವರ ಪಾಲಿಗೆ ಬದುಕಿದ್ದೂ ಸತ್ತಂತೆ. ಸೆರೆಮನೆಗೆ ಬಂದ ಟೇಲರನಿಗೆ ಆ ತರುಣನು ಹೇಳಿದುದೂ ಇದನ್ನೇ: ಸಾವಿಗೆ ತಾನು ಹೆದರುವುದಿಲ್ಲ, ಆದರೆ ಕಳ್ಳನಂತೆ ನೇಣಿಗೆ ಹಾಕಬಾರದು, ಸೆರೆಯಲ್ಲಿ, ಕರಿನೀರಿನಲ್ಲಿ ಸಾಮಾನ್ಯ ಬೇಡನೂ ಬದುಕಲಾರ, ರಾಜನಾದ ತಾನು ಬದುಕುವುದೆಂತು?

ಕೊನೆಗೆ ಗವರ್ನರ್ ಜನರಲ್ ಕ್ಯಾನಿಂಗನು ಶಿಕ್ಷೆಯನ್ನು ಚೆಂಗಲ್ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷದ ಸೆರೆಗೆ ಇಳಿಸಿದನು. ಮದರಾಸಿನ ದಾರಿಯಲ್ಲಿ, ಮೊದಲ ಬಿಡಾರದಲ್ಲಿಯೇ, ಕಾವಲಿನ ಅಧಿಕಾರಿ ಬಿಚ್ಚಿಟ್ಟಿದ್ದ ಪಿಸ್ತೂಲಿನ ಗುಂಡಿನಿಂದ ದೊರೆ ಮಡಿದನು. ತಾನೇ ಹೊಡೆದುಕೊಂಡನೆಂಬುದು ಅಧಿಕಾರಿಗಳ ಹೇಳಿಕೆ. ಕಾವಲಿನಲ್ಲಿ ಸತ್ತವನ ವಿಷಯದಲ್ಲಿ ಕಾವಲಿನವರ ಮಾತನ್ನು ಎಚ್ಚರದಿಂದಲೇ ಓದಬೇಕು. 24ನೆಯ ವಯಸ್ಸಿನಲ್ಲಿ ಮರಣವೆಂದು ಜಾತಕದಲ್ಲಿದ್ದ ಸಂಗತಿಯನ್ನು ಟೇಲರನು ತನ್ನ ಆತ್ಮಕಥೆಯಲ್ಲಿ ವಿಸ್ತಾರವಾಗಿ ಹೇಳಿದ್ದಾನೆ. ವಿಧಿಯ ಮೇಲೆ ಭಾರ ಹಾಕುವುದು ಅವನಿಗೆ ಸಮಾಧಾನ ತಂದಿರಬಹುದು.

ಹಲಗಲಿಯವರ ಪರವಾಗಿ ಕಾಗದ ಬರೆಯುವ ಇಂಥ ‘ಅಪ್ಪ’ ಇರಲಿಲ್ಲ. ಅವರ ಕಥೆ ಲಾವಣಿಯಲ್ಲಿ ಉಳಿಯಿತು. ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಫ್ಲೀಟ್ ಎಂಬ ಇನ್ನೊಬ್ಬ ಇಂಗ್ಲಿಷ್ ಅಧಿಕಾರಿ.