ಕಡಿವಾಣಕ್ಕೆ ಮುನ್ನ

ಕನ್ನಡ ಪತ್ರಿಕೆಗಳು ಬೆಲೆಯೇರಿಕೆಗೂ ಕಡಿವಾಣ ಹಾಕುತ್ತವೆ, ಭ್ರಷ್ಟಾಚಾರಕ್ಕೂ ಹಾಕುತ್ತವೆ. ಆದರೆ ಕುದುರೆಯ ಬಾಯಿಗೆ ತೊಡಿಸುವ ಆ ಲೋಹದ ತುಂಡನ್ನು ಕೈಯಲ್ಲಿ ಹಿಡಿದು ನೋಡಿದವರು ನಮ್ಮಲ್ಲಿ ವಿರಳ. ನಾವು ಮನೆ ಮಾಡಿಕೊಂಡಿರುವ ಈ ಕೊಲ್ಲಿ ಪ್ರದೇಶವಾದರೋ ಒಂದು ಕಾಲದಲ್ಲಿ ಸವಾರರ ನಾಡು. ಕಡಿವಾಣವನ್ನು ಎಷ್ಟು ಕಾಲ ಹಾಕದೆ ಕಾಯಬೇಕು ಎಂಬುದರಲ್ಲಿಯೇ ಇಲ್ಲಿನವರ ವಿದ್ಯೆಯಿತ್ತು.

ಸ್ಪೇನಿನ ವಲಸೆಗಾರರು 1776ರಲ್ಲಿ ಸಾನ್ ಫ್ರಾನ್ಸಿಸ್ಕೋದಲ್ಲಿ ನೆಲೆಯೂರಿದರು. ಮರುವರ್ಷ ಸಾಂತಾ ಕ್ಲಾರಾ ಮಿಷನ್, 1797ರಲ್ಲಿ ಇಂದಿನ ಫ್ರೀಮಾಂಟ್‌ನಲ್ಲಿ ಸಾನ್ ಹೋಸೆ ಮಿಷನ್ ಸ್ಥಾಪನೆಗೊಂಡವು. ಮಿಷನ್ನುಗಳ ದನಗಳು ಸಾವಿರಗಟ್ಟಲೆ ಬೆಳೆದವು. ಮೂಲನಿವಾಸಿಗಳು ಕುದುರೆ ಏರಕೂಡದೆಂದು ಸ್ಪೇನಿನ ಕಾನೂನು ಹೇಳುತ್ತಿತ್ತು. ದನ ಕಾಯಲು ಬೇರೆ ಜನರಿಲ್ಲದ್ದರಿಂದ ಪಾದ್ರಿಗಳು ಓಲೋನಿ ತರುಣರನ್ನೇ ಕುದುರೆಯ ಮೇಲೆ ಕೂರಿಸಬೇಕಾಯಿತು. ಸವಾರಿ ಮಾಡಿ ದನ ಮೇಯಿಸುವ ಇಂಥವರಿಗೆ ‘ವಕೇರೊ’ ಎಂದು ಹೆಸರು.

ವಕೇರೊ ಪದ್ಧತಿಯಲ್ಲಿ ಮರಿಕುದುರೆಯ ಬಾಯಿಗೆ ಮೊದಲು ಏನನ್ನೂ ಹಾಕುತ್ತಿರಲಿಲ್ಲ. ಹಸಿದೊಗಲಿನ ಎಳೆಗಳನ್ನು ಹೆಣೆದು ಮಾಡಿದ ಮೂಗುಪಟ್ಟಿ, ಅದಕ್ಕೆ ಕುದುರೆಯ ಕೂದಲಿನಿಂದ ಹೊಸೆದ ಹಗ್ಗದ ಲಗಾಮು, ಅಷ್ಟೇ. ಕುದುರೆಗೆ ಶಾಶ್ವತ ಹಲ್ಲುಗಳೆಲ್ಲ ಬರಲು ಸುಮಾರು ಐದು ವರ್ಷ ಬೇಕು. ಹಲ್ಲು ಮೂಡುತ್ತಿರುವ ಬಾಯಿಗೆ ಲೋಹ ತುರುಕಿದರೆ ನೋವು ಮಾತ್ರ ಕಲಿಸಿದಂತಾಗುತ್ತದೆ. ತಿರುಗುವುದು, ನಿಲ್ಲುವುದು, ದನದ ಎದುರು ಧೈರ್ಯವಾಗಿ ನಿಲ್ಲುವುದು, ಎಲ್ಲವನ್ನೂ ಮೂಗಿನ ಮೇಲಿನ ಸೂಚನೆಯಿಂದಲೇ ಕಲಿಸಿದ ಬಳಿಕ ಎರಡು ಜೊತೆ ಲಗಾಮುಗಳ ಹಂತ ಬರುತ್ತಿತ್ತು. ಬಾಯಲ್ಲಿ ಕಡಿವಾಣ ಇರುತ್ತಿತ್ತು, ಆದರೆ ಸವಾರ ಅದನ್ನು ಎಳೆಯುತ್ತಿರಲಿಲ್ಲ. ಕುದುರೆ ಅದನ್ನು ಹೊರಲು ಅಭ್ಯಾಸ ಮಾಡಿಕೊಳ್ಳುತ್ತಿತ್ತು. ಆ ಬಳಿಕವೇ ಕಡಿವಾಣದಿಂದ ಸವಾರಿ. ಇಷ್ಟಕ್ಕೆ ಐದಾರು ವರ್ಷ ಹಿಡಿದರೂ ಯಾರಿಗೂ ಅವಸರವಿರಲಿಲ್ಲ.

ಆ ಕಡಿವಾಣವನ್ನು ಕಂಡರೆ ಎದೆ ನಡುಗುತ್ತದೆ. ನಾಲಿಗೆಯ ಮೇಲಿನಿಂದ ಅಂಗುಳಿನತ್ತ ಚಾಚಿದ ಸೌಟಿನಂಥ ಲೋಹದ ತಗಡು, ಕೆಳಗೊಂದು ತಾಮ್ರದ ಪುಟ್ಟ ಉರುಳೆ. ಪಳಗಿದ ಕುದುರೆ ಆ ಉರುಳೆಯನ್ನು ನಾಲಿಗೆಯಿಂದ ಉರುಳಿಸಿ ಜೀರುಂಡೆಯಂತೆ ಸದ್ದು ಮಾಡುತ್ತದೆ. ಸವಾರ ಬೆರಳನ್ನು ಎತ್ತಿದರೆ ಸಾಕು, ತಗಡು ಅಂಗುಳನ್ನು ಒತ್ತುವ ಮೊದಲೇ ಅದಕ್ಕೆ ತಿಳಿದುಬಿಡುತ್ತದೆ. ಒರಟು ಕೈಯಲ್ಲಿ ಅದೇ ತಗಡು ಬಾಯನ್ನು ಸೀಳಬಲ್ಲದು.

ಇಂಥ ಶಿಕ್ಷಣದ ವಿಚಾರ ನಮ್ಮ ಪೂರ್ವಿಕರಿಗೆ ಅಪರಿಚಿತವಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅಶ್ವವಿದ್ಯೆಗೆ ರಾಜನ ವಿನೋದಗಳ ನಡುವೆ ಸ್ಥಾನವಿದೆ. ಅಲ್ಲಿ ಅದು ದೊರೆಯ ಬಿಡುವಿನ ವಿದ್ಯೆ. ಇಲ್ಲಿ ಕೂಲಿಯೂ ಇಲ್ಲದ ದನಗಾಹಿಯ ದಿನನಿತ್ಯದ ಕೆಲಸ.

ಆದರೂ ಇದನ್ನು ಚಿನ್ನದ ಕಾಲವೆಂದು ಬಣ್ಣಿಸಲು ನನಗೆ ಮನಸ್ಸಿಲ್ಲ. ಮೊದಲ ದಿನ ಕುದುರೆಯನ್ನು ಹಗ್ಗ ಬೀಸಿ ಕೆಡವಿ, ಕಣ್ಣು ಕಟ್ಟಿ ಏರುತ್ತಿದ್ದುದೂ ಉಂಟು. ಸವಾರನ ಹಿಮ್ಮಡಿಯ ಮುಳ್ಳುಗಾಲಿಗಳು ಸಣ್ಣವಾಗಿರಲಿಲ್ಲ. ಅದಕ್ಕಿಂತ ಕಟುವಾದ ಸಂಗತಿ ಇನ್ನೊಂದಿದೆ. ಕುದುರೆಗೆ ವರ್ಷಗಟ್ಟಲೆ ತಾಳ್ಮೆಯಿಂದ ಕಲಿಸಬೇಕಾಗಿದ್ದ ಮಿಷನ್ನಿನ ಜನರೇ ಅಪ್ಪಣೆಯಿಲ್ಲದೆ ಊರಿಗೆ ಹೋದರೆ ಹಿಡಿತರಿಸಿಕೊಂಡು ಚಾವಟಿಯೇಟು ತಿನ್ನುತ್ತಿದ್ದರು.

1848ರಲ್ಲಿ ಚಿನ್ನ ಸಿಕ್ಕಿತು. 1862ರಿಂದ 1864ರವರೆಗಿನ ಬರದಲ್ಲಿ ದನಗಳು ಸತ್ತವು. ಹಳೆಯ ರಾಂಚೊಗಳು ಹರಿದು ಹಂಚಿಹೋದವು. ಹೊಸ ಒಡೆಯರಿಗೆ ಕುದುರೆ ಕೆಲವೇ ದಿನಗಳಲ್ಲಿ ಸಿದ್ಧವಾಗಬೇಕಿತ್ತು. ಇಂಗ್ಲಿಷಿನಲ್ಲಿ ಈ ಕೆಲಸಕ್ಕೆ ಕುದುರೆಯನ್ನು ‘ಮುರಿಯುವುದು’ ಎಂದೇ ಹೆಸರು. ಕನ್ನಡ ‘ಪಳಗಿಸುವುದು’ ಎನ್ನುತ್ತದೆ. ವರ್ಷಗಳ ಪಾಠವನ್ನು ಬಿಟ್ಟು ಕಡಿವಾಣವನ್ನಷ್ಟೇ ಉಳಿಸಿಕೊಂಡ ಕೈಗಳಲ್ಲಿ ಅದು ಆಯುಧವಾಯಿತು.

ಪಾಲೋ ಆಲ್ಟೋದಲ್ಲಿ ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್ 1876ರಿಂದ ಬೆಳೆಸಿದ ಕುದುರೆ ಫಾರಂ ಬೇರೆ ಬಗೆಯದು. ಅಲ್ಲಿನವು ಹೆಚ್ಚಾಗಿ ಗಾಡಿ ಎಳೆದು ಓಡುವ ಪಂದ್ಯದ ಕುದುರೆಗಳು. ಕುದುರೆಯನ್ನು ಹೊಡೆಯುವುದಿರಲಿ, ಬೈಯುವುದಕ್ಕೂ ಅಲ್ಲಿ ನಿಷೇಧವಿತ್ತೆಂದು ಪ್ರತೀತಿ. 1878ರಲ್ಲಿ ಮೈಬ್ರಿಜ್ ಓಡುವ ಕುದುರೆಯ ಪ್ರಸಿದ್ಧ ಚಿತ್ರಸರಣಿಯನ್ನು ತೆಗೆದದ್ದು ಅಲ್ಲಿಯೇ. ಆಗಿನ ಕೆಂಪು ಲಾಯ ಇಂದಿಗೂ ವಿಶ್ವವಿದ್ಯಾಲಯದ ಆವರಣದಲ್ಲಿದೆ.

ಹಳೆಯ ತಾಳ್ಮೆ ಮತ್ತೆ ಮಾತಿಗೆ ಬಂದದ್ದು ದಕ್ಷಿಣದ ಸಾಲಿನಾಸ್ ಕಡೆಯಿಂದ. ಆರೆಗಾನ್‌ನಿಂದ ಬಂದು ಅಲ್ಲಿ ದನ ಸಾಕಿಕೊಂಡಿದ್ದ ಬಿಲ್ ಡಾರೆನ್ಸ್, ಮತ್ತು ಆತನ ತಮ್ಮ ಟಾಮ್, ಕುದುರೆ ಏಕೆ ಹೆದರುತ್ತದೆ ಎಂದು ಮೊದಲು ಅರಿಯಬೇಕೆಂದರು. ಅದು ಸರಿಯಾದತ್ತ ಒಂದಿಷ್ಟು ಮನಸ್ಸು ಮಾಡಿದೊಡನೆ ಲಗಾಮು ಸಡಿಲಿಸಬೇಕೆಂದರು. ಟಾಮ್‌ನ ಪುಸ್ತಕ 1987ರಲ್ಲಿ ಬಂತು. ಬಿಲ್‌ನದು 1999ರಲ್ಲಿ, ಅದೇ ವರ್ಷ, 93ನೆಯ ವಯಸ್ಸಿನಲ್ಲಿ, ಆತ ತೀರಿಕೊಂಡ. ನಮ್ಮ ಮಕ್ಕಳು ಸವಾರಿ ಕಲಿಯಲು ಹೋಗುವೆಡೆ ಬಾಯಲ್ಲಿ ಏನೂ ಇಲ್ಲದೆ ಮೂಗಿನ ಮೇಲೆ ಹೆಣೆದ ದೊಗಲಿನ ಪಟ್ಟಿಯಷ್ಟೇ ತೊಟ್ಟ ಕುದುರೆಯೊಂದು ಕಣ್ಣಿಗೆ ಬಿದ್ದರೆ, ಅದು ಓಲೋನಿ ಸವಾರರ ಕಾಲದಿಂದ ಬಂದ ಪಟ್ಟಿ.