ಯೂರೋಡ್ಯಾಕ್: ಆಶ್ರಯಾರ್ಥಿಯ ಬೆರಳಚ್ಚು ಮತ್ತು ಉದ್ದೇಶದ ಮಿತಿ

ಆಶ್ರಯ ಕೋರಿ ಬಂದವರ ಬೆರಳಚ್ಚುಗಳನ್ನು ಒಂದೆಡೆ ಸಂಗ್ರಹಿಸುವ ಯೂರೋಡ್ಯಾಕ್ ವ್ಯವಸ್ಥೆ ಐರೋಪ್ಯ ಒಕ್ಕೂಟದಲ್ಲಿ 2003ರ ಜನವರಿಯಲ್ಲಿ ಕೆಲಸ ಆರಂಭಿಸಿತು. ಡಬ್ಲಿನ್ ನಿಯಮದಂತೆ ಯಾರ ಅರ್ಜಿಯನ್ನು ಯಾವ ದೇಶ ವಿಚಾರಿಸಬೇಕೆಂದು ತೀರ್ಮಾನಿಸಲು ನೆರವಾಗುವುದಷ್ಟೇ ಆಗ ಅದರ ಉದ್ದೇಶ. ಆ ಉದ್ದೇಶ ಹಂತಹಂತವಾಗಿ ಹಿಗ್ಗಿದ ಬಗೆ ಈ ಲೇಖನದ ವಿಚಾರ.

ಗ್ರೀಸಿನ ದ್ವೀಪವೊಂದಕ್ಕೆ ದೋಣಿಯಲ್ಲಿ ಬಂದಿಳಿದವರ ಹತ್ತೂ ಬೆರಳುಗಳ ಅಚ್ಚು ತೆಗೆದು ಕೇಂದ್ರ ಸಂಗ್ರಹಕ್ಕೆ ಕಳಿಸುತ್ತಾರೆ. ದಾಖಲೆಯ ಸಂಖ್ಯೆಯಲ್ಲಿ ಮೊದಲು ದೇಶದ ಸಂಕೇತ, ಅದರ ಬೆನ್ನಿಗೇ ಒಂದು ಅಂಕಿ. 1 ಎಂದರೆ ಆಶ್ರಯಕ್ಕೆ ಅರ್ಜಿ ಹಾಕಿದವರು. 2 ಎಂದರೆ ಅನುಮತಿಯಿಲ್ಲದೆ ಗಡಿ ದಾಟುವಾಗ ಸಿಕ್ಕವರು. ಅದೇ ವ್ಯಕ್ತಿ ಮುಂದೆ ಜರ್ಮನಿಯಲ್ಲಿ ಅರ್ಜಿ ಹಾಕಿದರೆ ಹಳೆಯ ಅಚ್ಚು ತಾಳೆಯಾಗುತ್ತದೆ. ಬಂದ ದಾರಿಗೇ ಮರಳಿ ಕಳಿಸುವ ಪ್ರಕ್ರಿಯೆ ಶುರುವಾಗಬಹುದು. ಫ್ರಾನ್ಸಿನ ಕ್ಯಾಲೆ ಬಂದರಿನ ಸುತ್ತ ತಂಗಿದ್ದ ಕೆಲವರು ಬೆರಳ ತುದಿಗಳನ್ನು ಸುಟ್ಟುಕೊಂಡದ್ದು ಈ ಭಯದಿಂದಲೇ. ಯಂತ್ರಕ್ಕೆ ಅದು ಬರೀ ಗುರುತು. ಅವರಿಗೆ ಬದುಕಿನ ಪ್ರಶ್ನೆ.

ಭಯೋತ್ಪಾದನೆ ಮತ್ತು ಗಂಭೀರ ಅಪರಾಧಗಳ ತನಿಖೆಗಾಗಿ ಪೊಲೀಸರೂ ಯೂರೋಪೋಲ್ ಸಂಸ್ಥೆಯೂ ಈ ಸಂಗ್ರಹದಲ್ಲಿ ಹುಡುಕಬಹುದೆಂದು 2013ರ ನಿಯಮ ಒಪ್ಪಿತು. ಶರತ್ತುಗಳೇನೋ ಇವೆ. ಆದರೂ ಒಕ್ಕೂಟದ ಮೂಲಭೂತ ಹಕ್ಕುಗಳ ಸನ್ನದಿನ 8ನೇ ವಿಧಿ ವೈಯಕ್ತಿಕ ಮಾಹಿತಿಯನ್ನು ನಿರ್ದಿಷ್ಟ ಉದ್ದೇಶಕ್ಕೆ ಮಾತ್ರ ಬಳಸಬೇಕೆನ್ನುತ್ತದೆ. ರಕ್ಷಣೆ ಬೇಡಿ ಕೊಟ್ಟ ಬೆರಳಚ್ಚು ಅಪರಾಧ ತನಿಖೆಯ ಸಾಮಗ್ರಿಯಾದಾಗ, ಯಾವ ಆರೋಪವೂ ಇಲ್ಲದವರೆಲ್ಲ ಶಂಕಿತರ ಸಾಲಿಗೆ ಸೇರಿದಂತಾಯಿತು. ಈ ಹೆಜ್ಜೆಗೆ ಕೊಟ್ಟ ಸಮರ್ಥನೆ ನನಗೆ ಸಾಲದೆನಿಸುತ್ತದೆ.

2024ರ ಹೊಸ ನಿಯಮ ಇನ್ನೂ ಮುಂದೆ ಹೋಗಿದೆ. ಅದು 2026ರ ಜೂನ್ 12ರಿಂದ ಅನ್ವಯವಾಗುವಂತೆ ರೂಪಿತವಾಗಿದೆ. ಬೆರಳಚ್ಚಿನ ಜೊತೆಗೆ ಮುಖದ ಚಿತ್ರವೂ ಸಂಗ್ರಹವಾಗುತ್ತದೆ. ಅಕ್ರಮವಾಗಿ ಗಡಿ ದಾಟಿದವರ ದಾಖಲೆ ಉಳಿಯುವ ಅವಧಿ 18 ತಿಂಗಳಿಂದ 5 ವರ್ಷಕ್ಕೆ ಏರಿದೆ. ಅಚ್ಚು ತೆಗೆಯುವ ಕನಿಷ್ಠ ವಯಸ್ಸು 14ರಿಂದ 6ಕ್ಕೆ ಇಳಿದಿದೆ.

ಮನೆಯವರಿಂದ ಬೇರ್ಪಟ್ಟ, ಕಾಣೆಯಾದ ಮಕ್ಕಳನ್ನು ಪತ್ತೆಹಚ್ಚಲು ಇದು ಬೇಕೆಂಬುದು ನಿಯಮದ ಪರವಾದ ವಾದ. ಅದು ತಳ್ಳಿಹಾಕುವಂಥದ್ದಲ್ಲ. ಆದರೆ ಒಂದನೇ ತರಗತಿಯ ವಯಸ್ಸಿನ ಮಗುವಿಗೆ ತನ್ನ ಮಾಹಿತಿ ಎಲ್ಲಿಗೆ ಹೋಗುತ್ತದೆ, ಅದನ್ನು ತಿದ್ದಿಸುವ ಹಕ್ಕು ಏನು ಎಂದು ತಿಳಿಹೇಳುವುದು ಹೇಗೆ? ಮಕ್ಕಳ ಪತ್ತೆಗೆಂದು ತೆಗೆದ ಅಚ್ಚು ಆ ಪತ್ತೆಗಷ್ಟೇ ಬಳಕೆಯಾಗಬೇಕು. ಹದಿನಾಲ್ಕು ತುಂಬದವರ ದಾಖಲೆಗಳನ್ನು ಪೊಲೀಸ್ ಹುಡುಕಾಟದಿಂದ ಕಾನೂನೇ ಪೂರ್ತಿಯಾಗಿ ಹೊರಗಿಡಬೇಕು.