ವೃದ್ಧಾಶ್ರಮದೊಳಗಿನ ನೋವಿಗೆ ಹೆಸರು ಬಂದ ಬಗೆ

ಬೆಂಗಳೂರು ದಾಟಿ ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳತ್ತ ಹೊರಟರೆ ಬಡಾವಣೆಗಳ ಫಲಕಗಳ ನಡುವೆ ಅಲ್ಲಲ್ಲಿ ವೃದ್ಧಾಶ್ರಮದ ಫಲಕವೂ ಕಾಣುತ್ತದೆ. ಹೆತ್ತವರನ್ನು ಪರರ ಕೈಗೆ ಒಪ್ಪಿಸುವುದು ಈಗ ಅಪರೂಪವಲ್ಲ. ಒಪ್ಪಿಸಿದ ಮೇಲೆ ಅವರು ಅಲ್ಲಿ ಹೇಗಿದ್ದಾರೆಂದು ತಿಳಿಯುವುದು ಹೇಗೆ? ಈ ಪ್ರಶ್ನೆಯನ್ನು ಕೇಳಲು ಸಮಾಜ ಬಹಳ ತಡ ಮಾಡಿತು.

ವೃದ್ಧಾಶ್ರಮ ನಮ್ಮಲ್ಲಿ ಹೊಸದೇನಲ್ಲ. 1839ರಲ್ಲಿ ಫ್ರಾನ್ಸಿನ ಜೀನ್ ಜುಗಾನ್ ಎಂಬಾಕೆ ಕಣ್ಣು ಕಾಣದ ಒಬ್ಬ ಮುದುಕಿಯನ್ನು ಮನೆಗೆ ಕರೆತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟಳು. ಅದರಿಂದ ಬೆಳೆದ 'ಲಿಟ್ಲ್ ಸಿಸ್ಟರ್ಸ್ ಆಫ್ ದಿ ಪೂರ್' ಸಂಸ್ಥೆ 1900ರಲ್ಲಿ ಬೆಂಗಳೂರಿನಲ್ಲಿ ಬಡ ವೃದ್ಧರಿಗಾಗಿ ಆಶ್ರಯಧಾಮ ತೆರೆಯಿತು.

ಕಾನೂನು ಇನ್ನೂ ಹಳೆಯದು. ಅಸಹಾಯಕರನ್ನು ನೋಡಿಕೊಳ್ಳುವುದಾಗಿ ಕರಾರು ಮಾಡಿಕೊಂಡು ಕೈಬಿಟ್ಟವರಿಗೆ 1860ರ ಭಾರತೀಯ ದಂಡ ಸಂಹಿತೆಯ 491ನೇ ಕಲಂ ಮೂರು ತಿಂಗಳ ಸಜೆ ಅಥವಾ 200 ರೂಪಾಯಿವರೆಗೆ ದಂಡ ವಿಧಿಸಿತ್ತು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದು 357ನೇ ಕಲಂ. ದಂಡ 5,000 ರೂಪಾಯಿಗೆ ಏರಿದೆ. ಸಜೆ ಅದೇ ಮೂರು ತಿಂಗಳು.

ಆದರೂ ಮುದುಕರ ಮೇಲಿನ ದೌರ್ಜನ್ಯವೆಂಬುದಕ್ಕೆ ಹೆಸರು ಸಿಕ್ಕಿದ್ದು 1975ರಲ್ಲಿ. ಅಜ್ಜಿಯರನ್ನು ಹೊಡೆಯುವ ಪಿಡುಗಿನ ಬಗ್ಗೆ ಬರ್ಸ್ಟನ್ ಎಂಬ ವೈದ್ಯರು ಆ ವರ್ಷ ಬ್ರಿಟಿಷ್ ವೈದ್ಯಕೀಯ ಪತ್ರಿಕೆಗೆ ಪತ್ರ ಬರೆದರು. ಜೂನ್ 15ನ್ನು ಇದರ ಜಾಗೃತಿಯ ದಿನವಾಗಿ 2006ರಿಂದ ಆಚರಿಸಲಾಗುತ್ತಿದೆ. ವಿಶ್ವಸಂಸ್ಥೆ 2011ರಲ್ಲಿ ಅದಕ್ಕೆ ಮನ್ನಣೆ ಕೊಟ್ಟಿತು.

ಬೆಂಗಳೂರಿನಲ್ಲಿ ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ 2002ರಲ್ಲಿ ಹಿರಿಯರಿಗಾಗಿ 1090 ಸಹಾಯವಾಣಿ ಆರಂಭಿಸಿದರು. 2010ರ ಆಗಸ್ಟ್‌ನಲ್ಲಿ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಹಲವರು ಸತ್ತರು. ಅದು ವೃದ್ಧಾಶ್ರಮವಲ್ಲ; ಆದರೆ ಗೋಡೆಯೊಳಗಿನ ಅಲಕ್ಷ್ಯ ಹೊರಗೆ ತಿಳಿಯಲು ಸಾವುಗಳೇ ಬೇಕಾದವು.

ಸಾವಿಗೆ ಮೊದಲೇ ಸುಳಿವುಗಳಿರುತ್ತವೆ. ಬೆನ್ನು, ಸೊಂಟ, ಹಿಮ್ಮಡಿಯಲ್ಲಿ ಹಾಸಿಗೆ ಹುಣ್ಣು, ಒಣಗಿದ ನಾಲಿಗೆ, ತಿಂಗಳಿಂದ ತಿಂಗಳಿಗೆ ಸಡಿಲವಾಗುವ ರವಿಕೆ, ಹಗಲೆಲ್ಲ ಮಂಪರು, ಕಟ್ಟಿಹಾಕಿದಂತೆ ಮಣಿಕಟ್ಟಿನಲ್ಲಿ ಗುರುತು. ಸಿಬ್ಬಂದಿ ಬಂದೊಡನೆ ಮಾತು ನಿಲ್ಲುವುದು, ಒಂಟಿಯಾಗಿ ಮಾತಾಡಲು ಬಿಡದಿರುವುದು, ಪಿಂಚಣಿ ಪಾಸ್‌ಬುಕ್ ಕಾಣೆಯಾಗುವುದು ಕೂಡ ಸುಳಿವುಗಳೇ. ಆತುರವೂ ಸಲ್ಲದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಸ್ವಲ್ಪ ತಗುಲಿದರೂ ಚರ್ಮ ಕಂದುತ್ತದೆ. ಒಳ್ಳೆಯ ಆರೈಕೆಯಲ್ಲೂ ಹುಣ್ಣಾಗಬಹುದು. ಒಂದೇ ಗಾಯಕ್ಕೆ ದಿನಕ್ಕೊಂದು ಕಾರಣ ಹೇಳಿದರೆ, ವೈದ್ಯರನ್ನು ಕರೆಸಲು ಹಿಂದೇಟು ಹಾಕಿದರೆ ಅನುಮಾನಕ್ಕೆ ಬಲ ಬರುತ್ತದೆ.

ಹೆತ್ತವರ ಪೋಷಣೆಗೆಂದು 2007ರಲ್ಲಿ ಕೇಂದ್ರ ಕಾಯ್ದೆ ಬಂತು. ಆರೈಕೆಯ ಹೊಣೆ ಹೊತ್ತವರು ಹಿರಿಯರನ್ನು ಪೂರ್ತಿ ಕೈಬಿಡುವ ಉದ್ದೇಶದಿಂದ ಎಲ್ಲೇ ಬಿಟ್ಟುಹೋದರೂ ಅದರಡಿ ಅಪರಾಧ. ಪೋಷಣೆ ಕೋರುವ ಅರ್ಜಿಗಳು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಹೋಗುತ್ತವೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯವರಿಗೆ ಆ ಕಚೇರಿ ದೊಡ್ಡಬಳ್ಳಾಪುರದಲ್ಲಿದೆ. ಆದರೆ ದೌರ್ಜನ್ಯವೆಂದರೇನು ಎಂದು ಕಾಯ್ದೆ ವಿವರಿಸಲಿಲ್ಲ. 2019ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂದ ತಿದ್ದುಪಡಿ ಮಸೂದೆ ಅದನ್ನು ವಿವರಿಸಿತ್ತು. ಆರೈಕೆ ಕೇಂದ್ರಗಳ ನೋಂದಣಿ, ಕನಿಷ್ಠ ಗುಣಮಟ್ಟದ ಮಾತೂ ಅದರಲ್ಲಿತ್ತು. ಅಂಗೀಕಾರವಾಗದೆ, 2024ರಲ್ಲಿ ಆ ಲೋಕಸಭೆಯೊಂದಿಗೇ ಮಸೂದೆಯೂ ಬಿದ್ದುಹೋಯಿತು.

ಹೀಗಾಗಿ ಗುರುತಿಸುವ ಕೆಲಸ ಇನ್ನೂ ನೋಡಲು ಹೋಗುವವರದೇ. ಅನುಮಾನ ಬಂದವರು 14567 ಹಿರಿಯರ ಸಹಾಯವಾಣಿಗೆ, ತುರ್ತಾದರೆ 112ಕ್ಕೆ ಕರೆ ಮಾಡಬಹುದು. ಅದಕ್ಕೂ ಮೊದಲು, ಹಬ್ಬಕ್ಕೊಮ್ಮೆ ಹಣ್ಣು ಕೊಟ್ಟು ಬರುವುದರ ಬದಲು ಮುಂಚಿತವಾಗಿ ತಿಳಿಸದೆ ಊಟದ ಹೊತ್ತಿಗೆ ಹೋಗಿ, ಹೊದಿಕೆ ಸರಿಸಿ, ಹಿಮ್ಮಡಿ ನೋಡಿ ಬರುವುದು ಲೇಸು.